ದೂದಪ್ಪ ಯಾರ್ರಿ?

ಬೆಳಿಗ್ಗೆ ಒಲೆಯ ಮೇಲೆ ಹಾಲು ಉಕ್ಕಿತು. ಮೊಬೈಲು ನೋಡುತ್ತ ನಿಂತರೆ ಅದೇನು ನಮಗಾಗಿ ಕಾಯುತ್ತದೆಯೇ? ಸೀದ ವಾಸನೆ ಮನೆಯೆಲ್ಲ ತುಂಬಿತು. "ಅಯ್ಯೋ, ಹಾಲು!" ಎಂದು ಕೂಗಿದೆ. ಕೂಗಿದ ಮೇಲೆ ನಗು ಬಂತು. ಇಳಕಲ್ಲಿನ ಗೌರತ್ತೆಯ ಬಾಯಲ್ಲಿ ಈ ಮಾತು ಬಂದಿದ್ದರೆ ಅವಳು ಕೆನ್ನೆ ಕೆನ್ನೆ ಬಡಿದುಕೊಳ್ಳುತ್ತಿದ್ದಳು.

ಗೌರತ್ತೆ ನಮ್ಮಪ್ಪನ ತಂಗಿ. ಮಗ್ಗದ ಮನೆಯ ಸೊಸೆ. ಅವಳ ಗಂಡನ ಹೆಸರು ಹಾಲಪ್ಪ. ಗಂಡನ ಹೆಸರು ಹೇಳಬಾರದೆಂಬ ರೂಢಿ ನಿಮಗೂ ಗೊತ್ತು. ಅತ್ತೆ ಅದಕ್ಕಿಂತ ಒಂದು ಕೈ ಮೇಲು. ಹೆಸರಿನೊಳಗೆ ಹಾಲು ಇದೆಯಲ್ಲ, ಅದನ್ನೂ ಬಿಟ್ಟಳು. ಪಕ್ಕದ ಮನೆಯ ರಾಜಾಬಿಯಿಂದ 'ದೂದ' ಎಂಬ ಮಾತನ್ನು ತಂದಳು. ರಾಜಾಬಿಗೆ ಅದು ಮಕ್ಕಳು ಕುಡಿಯುವ ವಸ್ತು, ಅತ್ತೆಗೆ ಧರ್ಮಸಂಕಟದಿಂದ ಪಾರಾಗುವ ದಾರಿ.

"ದೇವರಿಗೆ ಉರ್ದು ತಿಳಿಯೂದಿಲ್ಲೇನ, ಅತ್ತಿ?" ಎಂದು ನಾನೊಮ್ಮೆ ಕೆಣಕಿದೆ.

"ತಿಳೀತೈತಿ. ಆದ್ರ ನಿಮ್ಮ ಮಾವಗ ಉರ್ದುದಾಗ ಹೆಸರಿಟ್ಟಿಲ್ಲಲ್ಲ!"

ಇದಕ್ಕೆ ಏನು ಹೇಳುತ್ತೀರಿ? ಅವಳ ಮಗಳು ಸಾಲಿಗೆ ಹೋದ ಹೊಸದರಲ್ಲಿ ಮಾಸ್ತರರು "ಹಾಲು ಅಂದ್ರ ಏನು?" ಎಂದು ಕೇಳಿದರೆ, "ನಮ್ಮ ಅಪ್ಪಾರಿ" ಅಂದಳಂತೆ. ಆ ಮನೆಯ ಮಟ್ಟಿಗೆ ಅದು ಸರಿ ಉತ್ತರವೇ.

ಹೆಸರು ಹೇಳಲು ರೂಢಿಯಲ್ಲಿ ಒಂದು ಕಿಂಡಿಯೂ ಉಂಟು, ಒಡಪು. ಮದುವೆಯಲ್ಲಿ ಪ್ರಾಸ ಕಟ್ಟಿ, ಅದರ ನಡುವೆ ಗಂಡನ ಹೆಸರು ಸೇರಿಸಿ ಹೇಳಿದರೆ ದೋಷವಿಲ್ಲ. ಅತ್ತೆಯೂ ಹೇಳಿದ್ದಳು. ಅದೇ ಹೊತ್ತಿಗೆ ಬ್ಯಾಂಡಿನವರಿಗೆ ಹುರುಪು ಬಂದುಬಿಟ್ಟಿತು. "ಬಾಯಿ ಅಲ್ಲಾಡಿದ್ದು ಕಂಡೆ, ಕೇಳಲಿಲ್ಲ ನೋಡು," ಎಂದು ಮಾವ ಬಂದವರಿಗೆಲ್ಲ ಹೇಳುತ್ತಿದ್ದ. ನಗುತ್ತಲೇ ಹೇಳುತ್ತಿದ್ದ, ಆದರೆ ಅವನ ಆಸೆ ನಗುವಂಥದ್ದಾಗಿರಲಿಲ್ಲ. ಹೆಂಡತಿಯ ಬಾಯಲ್ಲಿ ತನ್ನ ಹೆಸರು ಒಮ್ಮೆ ಕೇಳಬೇಕು, ಅಷ್ಟೇ.

ಹೋದ ವರ್ಷ ಮಾವನಿಗೆ ಮೂತ್ರದ ಹರಳಿನ ನೋವು ಕಾಣಿಸಿಕೊಂಡಿತು. ನನ್ನ ಮನೆ ಬಾಗಲಕೋಟೆಯಲ್ಲಿ, ಅಲ್ಲಿಯ ದವಾಖಾನೆಗೆ ಅವರಿಬ್ಬರನ್ನೂ ಕರೆದೊಯ್ದೆ. ನಾನು ಕಾರು ನಿಲ್ಲಿಸಿ ಬರುವಷ್ಟರಲ್ಲಿ ಹೆಸರು ಬರೆದುಕೊಳ್ಳುವವನು ಅತ್ತೆಯನ್ನು ಕೇಳಿದ್ದಾನೆ. ಅವಳು ಯೋಚಿಸಿ, "ದೂದಪ್ಪ ಅಂತ ಬರಕೋರಿ" ಅಂದಿದ್ದಾಳೆ. ಆಮೇಲೆ ಕುಡಿಯುವ ನೀರು ತರಲು ಹೊರಗೆ ಹೋಗಿದ್ದಾಳೆ.

ನಾನೂ ಅತ್ತೆಯೂ ಒಳಗೆ ಬಂದಾಗ ಹೆಸರು ಬರೆದುಕೊಂಡವನು ಸಿಡಿಮಿಡಿಗೊಂಡಿದ್ದ. "ದೂದಪ್ಪ ಯಾರ್ರಿ? ಕರದು ಕರದು ಗಂಟಲ ಹರೀತು!"

ಬೆಂಚಿನ ಮೇಲೆ ಮುದುಡಿಕೊಂಡಿದ್ದ ಮಾವ ನರಳುತ್ತಲೇ ನನ್ನತ್ತ ತಿರುಗಿದ. "ಯಾರೋ ಪಾಪ, ಎಂಥಾ ಹೆಸರಿಟ್ಟಾರ ನೋಡು."

ಅತ್ತೆಯ ಮುಖ ಬಿಳಿಚಿತು. "ನಮ್ಮವರ ರೀ ಅವರು," ಅಂದಳು.

"ಹಂಗಾದ್ರ ಖರೆ ಹೆಸರ ಹೇಳ್ರಿ. ಡಾಕ್ಟರು ಹೊಂಟಾರ."

ನಾನು ಬಾಯಿ ತೆರೆದೆ. ಮಾವ ನನ್ನ ಕೈ ಗಟ್ಟಿಯಾಗಿ ಹಿಡಿದ. ಹಣೆಯ ಮೇಲೆ ಬೆವರು, ಆದರೂ ಕಣ್ಣಲ್ಲಿ ತುಂಟತನ. "ನೀ ಸುಮ್ಮನಿರು. ಆಕಿ ಹೇಳಲಿ."

ಅತ್ತೆ ಅವನನ್ನು ನೋಡಿದಳು, ಡಾಕ್ಟರರ ಬಾಗಿಲನ್ನು ನೋಡಿದಳು. ಸೆರಗು ತಲೆಯ ಮೇಲೆ ಎಳೆದುಕೊಂಡು, ಅಲ್ಲಿದ್ದವರಿಗೆಲ್ಲ ಕೇಳುವಂತೆ ಶುರು ಮಾಡಿದಳು:

"ಇಳಕಲ್ ಸೀರಿಗೆ ದಡಿ ಚಂದ, ಬದಾಮಿ ಕೆರಿಗೆ ಗುಡ್ಡ ಚಂದ,
ಹೊಟ್ಟಿನೋವಿಲೆ ನರಳತಾರ ಹಾಲಪ್ಪನವರು ನಿಮ್ಮ ಬಾಗಿಲ ಮುಂದ!"

ರೋಗಿಗಳೆಲ್ಲ ನೋವು ಮರೆತು ಚಪ್ಪಾಳೆ ತಟ್ಟಿದರು. ಡಾಕ್ಟರರೇ ಹೊರಗೆ ಬಂದರು. ಮಾವ ಸೊಂಟ ಹಿಡಿದುಕೊಂಡು ಎದ್ದವನು ಬಾಗಿಲಲ್ಲಿ ನಿಂತುಬಿಟ್ಟ.

"ಸರಿ ಕೇಳಲಿಲ್ಲ. ಇನ್ನೊಮ್ಮೆ ಅನ್ನು."

"ಒಳಗ ನಡೀರಿ ಸುಮ್ಮನ!" ಎಂದು ಅತ್ತೆ ಮುಖ ಮುಚ್ಚಿಕೊಂಡಳು. ನನಗೆ ಅಳು ಬಂತು ಅಂದರೆ ನಂಬುತ್ತೀರಾ? ಬಂತು.

ನಾನು ಈ ಕಾಲದವಳು, ಗಂಡನನ್ನು ಹೆಸರು ಹಿಡಿದೇ ಕರೆಯುತ್ತೇನೆ. ಇವತ್ತು ಒಲೆ ಒರೆಸಿ ಮುಗಿಸಿ, ಪಡಸಾಲೆಗೆ ಬಂದು ಮೆಲ್ಲಗೆ ಕರೆದೆ, "ಶಂಕರ."

ಪೇಪರಿನ ಹಿಂದಿನಿಂದ ದನಿ ಬಂತು, "ಏನ ತರಬೇಕು?"

ನನ್ನ ಬಾಯಲ್ಲಿ ಆ ಹೆಸರಿಗೆ ಇಷ್ಟೇ ಅರ್ಥ ಉಳಿದಿದೆಯೇ ಎಂದು ಚುರುಕ್ಕೆಂದಿತು.

"ಏನೂ ಇಲ್ಲ. ಸುಮ್ಮನ ಕರದೆ."

ಪೇಪರು ಕೆಳಗಿಳಿಯಿತು. ಅವರು ಗಾಬರಿಯಿಂದ ಎದ್ದು ಬಂದು ನನ್ನ ಹಣೆ ಮುಟ್ಟಿ ನೋಡಿದರು.