ದಯವಿಟ್ಟು ಇಲ್ಲದ ಇಂಗ್ಲಿಷು

ಕಳೆದ ತಿಂಗಳು ತಂಗಿಯ ಮಗಳ ಮದುವೆ ಮುಗಿಸಿಕೊಂಡು ದೆಹಲಿಯಿಂದ ಬರುತ್ತಿದ್ದೆವು. ವಿಮಾನ ಇನ್ನೂ ನೆಲದ ಮೇಲೇ ಇತ್ತು. ನಮ್ಮ ಸಾಲಿನ ಹತ್ತಿರ ಒಬ್ಬ ಹುಡುಗಿ ನಿಂತುಕೊಂಡು ಬೆಲ್ಟು ಹೀಗೆ ಹಾಕಿ, ಹೀಗೆ ಬಿಚ್ಚಿ, ಬಾಗಿಲು ಅಲ್ಲಿದೆ, ಇಲ್ಲಿದೆ ಎಂದು ಕೈ ಮಾಡಿ ತೋರಿಸುತ್ತಿದ್ದಳು. ಯಾರೂ ನೋಡುತ್ತಿರಲಿಲ್ಲ. ನೀವೂ ನೋಡುವುದಿಲ್ಲವೆಂದೇ ನನ್ನ ಅನುಮಾನ. ನಾನು ಮಾತ್ರ ಶಾಲೆಯ ಮೊದಲ ಬೆಂಚಿನವಳ ಹಾಗೆ ಕೊನೆಯವರೆಗೂ ನೋಡುತ್ತೇನೆ. ಭಯಕ್ಕಲ್ಲ. ಅಲ್ಲಿ ನಿಲ್ಲುವುದಕ್ಕೆ ಆ ಹುಡುಗಿ ಏನೇನು ಪಾಸು ಮಾಡಿರುತ್ತಾಳೆ ಎಂಬುದು ನನಗೆ ಸ್ವಲ್ಪ ಗೊತ್ತು. ಗೊತ್ತು ಮಾಡಿಸಿದವಳು ಬೆಟ್ಟದಪುರದ ಕಡೆಯ ಸವಿತಾ.

ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷವಾಗಿತ್ತು. ನಾವು ಆಗ ಪಿರಿಯಾಪಟ್ಟಣದಲ್ಲಿದ್ದೆವು. ನಮ್ಮ ಯಜಮಾನರು ಹೊಗೆಸೊಪ್ಪಿನ ಹರಾಜು ಮಾರುಕಟ್ಟೆಯಲ್ಲಿ ಗುಮಾಸ್ತರು. ಸೊಪ್ಪಿನ ಬೇಲು ಕಟ್ಟಿ ತರುವ ರೈತರಲ್ಲಿ ಶಿವಣ್ಣ ಎಂಬವರು ಹರಾಜಿನ ದಿನ ನಮ್ಮ ಮನೆಗೆ ಬಂದು ನೀರು ಕುಡಿದು ಹೋಗುವಷ್ಟು ಬಳಕೆ. ಒಂದು ಮಧ್ಯಾಹ್ನ ಮಗಳನ್ನೂ ಕರೆದುಕೊಂಡು ಬಂದರು. ಮೈಸೂರಿನಲ್ಲಿ ಬಿ.ಕಾಂ. ಮುಗಿಸಿದ, ಎತ್ತರದ, ಎರಡೂ ಕೈಯನ್ನು ವೇಲಿನಲ್ಲಿ ಸುತ್ತಿಕೊಂಡು ನಿಲ್ಲುವ ಹುಡುಗಿ. ಅವಳೇ ಸವಿತಾ.

"ಮೇಡಮ್ಮೋರೆ, ಮಗೀಗೆ ವಿಮಾನದಲ್ಲಿ ಕೆಲ್ಸ ಸಿಕ್ಕ್ಯದೆ. ಇಂಗ್ಲಿಷು ಬತ್ತದೆ, ಆದ್ರೆ ಗಂಟ್ಲಲ್ಲೇ ಕುಂತ್ಕತದೆ. ನೀವು ಕಾನ್ವೆಂಟಲ್ಲಿ ಓದ್ದೋರು, ಒಸಿ ತಿದ್ದಿಕೊಡಿ."

ಶಿವಣ್ಣನಿಗೆ ಆ ಕೆಲಸದಲ್ಲಿ ಅಂಥ ನಂಬಿಕೆಯೇನೂ ಇರಲಿಲ್ಲ. ಹರಾಜಿಗೆ ಬಂದವರು ಆಗಲೇ ಆಡಿಕೊಳ್ಳಲು ಶುರುಮಾಡಿದ್ದರು. "ಏನ್ ಶಿವಣ್ಣೋ, ಸಪ್ಲೈಯರ್ ಕೆಲ್ಸಕ್ಕೆ ಆಕಾಸಕ್ಕೆ ಓಗ್ಬೇಕಾ? ಬಸ್ ಸ್ಟ್ಯಾಂಡ್ ಓಟ್ಲಲ್ಲೇ ಕೊಡ್ತಿರ್ನಿಲ್ವಾ?" ಕೆ.ಆರ್. ನಗರದ ಒಂದು ಸಂಬಂಧ ಬೇರೆ ಕಾದು ಕೂತಿತ್ತು. ಮೂರು ತಿಂಗಳ ತರಬೇತಿ, ಅದರ ಕೊನೆಗೆ ಸರ್ಟಿಫಿಕೇಟು. ಅದು ಬಂದರೆ ಕೆಲಸ, ಬರದಿದ್ದರೆ ಕೆ.ಆರ್. ನಗರ ಎಂದು ಅಪ್ಪ ಮಗಳ ನಡುವೆ ಮಾತಾಗಿತ್ತು. ಹುಡುಗಿ ಒಪ್ಪಿದ್ದು ಗೆಲ್ಲುತ್ತೇನೆಂಬ ಧೈರ್ಯದ ಮೇಲೆ.

ನನ್ನ ಕಾನ್ವೆಂಟಿನ ಬಗ್ಗೆ ಒಂದು ಮಾತು ಹೇಳಬೇಕು. ಅಲ್ಲಿ ನಮಗೆ ಕಲಿಸಿದ್ದರಲ್ಲಿ ನನಗೆ ಇಂದಿಗೂ ಉಳಿದಿರುವುದು ಎರಡೇ: ಕರವಸ್ತ್ರವನ್ನು ನಾಲ್ಕು ಮಡಿಕೆ ಮಾಡುವುದು ಮತ್ತು ದನಿ ಎತ್ತದಿರುವುದು. ಒಳ್ಳೆಯ ಹುಡುಗಿಯ ಮಾತು ಪಕ್ಕದ ಮೇಜಿಗೆ ಕೇಳಿಸಬಾರದು ಎನ್ನುತ್ತಿದ್ದರು ನಮ್ಮ ಸಿಸ್ಟರ್. ನಾನು ಅದನ್ನು ಎಷ್ಟು ಚೆನ್ನಾಗಿ ಕಲಿತಿದ್ದೆನೆಂದರೆ, ನಾನು ಬಾಗಿಲಿಗೆ ಬಂದು "ಸ್ವಲ್ಪ ನಿಲ್ಲಿ" ಎನ್ನುವಷ್ಟರಲ್ಲಿ ತರಕಾರಿ ಗಾಡಿ ಮುಂದಿನ ಬೀದಿಯಲ್ಲಿರುತ್ತಿತ್ತು. ಬೇಕಾದ ಸೊಪ್ಪು ಸಿಕ್ಕದೆ ಅದೆಷ್ಟು ದಿನ ಬರೀ ತಿಳಿಸಾರು ಮಾಡಿದೆನೋ!

ಅಂಥ ನಾನು ಸವಿತಾಳನ್ನು ಒಂದು ತಿಂಗಳು ತಿದ್ದಿದೆ. "ಗಿವ್ ಮಿ" ಎಂದರೆ ತಡೆದು "ಮೇ ಐ ಹ್ಯಾವ್" ಎನ್ನಿಸಿದೆ. ಪ್ರತಿ ವಾಕ್ಯಕ್ಕೂ ಹಿಂದೊಂದು ಪ್ಲೀಸ್, ಮುಂದೊಂದು ಸರ್. ಸೋಫಾದ ಮೇಲೆ ನಾನು ಪ್ರಯಾಣಿಕಳಾಗಿ ಕೂತು ಅವಳಿಂದ ಎಷ್ಟು ಸಲ ನೀರು ತರಿಸಿಕೊಂಡೆನೋ ಲೆಕ್ಕವಿಲ್ಲ. ಅವಳು ಮುಂಬಯಿಗೆ ಹೊರಟ ದಿನ, ನನ್ನದೇ ದನಿಯೊಂದು ಬಸ್ಸು ಹತ್ತಿ ಹೋದ ಹಾಗೆ ಹೆಮ್ಮೆಪಟ್ಟೆ.

ತರಬೇತಿ ಮುಗಿಯುವ ಹೊತ್ತಿಗೆ ಅವಳು ವಾಪಸು ಬಂದಳು. ಊರಿಗೆ ಹೋಗುವ ಮೊದಲು ನೇರ ನಮ್ಮ ಮನೆಗೆ ಬಂದು, ಒಳಗೂ ಬಾರದೆ ಜಗಲಿಯ ಮೇಲೆ ಕೂತಳು.

"ಫೇಲಾದೆ ಆಂಟಿ."

ಆಗ ಅವಳಿಂದಲೇ ನನಗೆ ತಿಳಿದದ್ದು. ಕಾಫಿ ಕೊಡುವುದಕ್ಕೆ ಯಾವ ಸರ್ಟಿಫಿಕೇಟೂ ಬೇಡ. ಅವರ ಪರೀಕ್ಷೆಯೆಲ್ಲ ಬೆಂಕಿ ಆರಿಸುವುದು, ಹೊಗೆ ತುಂಬಿದ ಕೋಣೆಯಲ್ಲಿ ತೆವಳುವುದು, ಈಜುಕೊಳಕ್ಕೆ ಇಳಿದು ತೆಪ್ಪ ಬಿಚ್ಚುವುದು, ಎದೆಬಡಿತ ನಿಂತವರ ಎದೆ ಒತ್ತಿ ಉಸಿರು ತರಿಸುವುದು, ಇಂಥವು. ಅವುಗಳಲ್ಲಿ ಪಾಸಾಗದೆ ಯಾರೂ ವಿಮಾನ ಹತ್ತಿ ಕೆಲಸ ಮಾಡುವಂತಿಲ್ಲ. ಪಾಸಾದ ಮೇಲೂ ವರ್ಷ ವರ್ಷ ಮತ್ತೆ ಪರೀಕ್ಷೆ. ಕೆರೆ ಕಂಡರೆ ದೂರ ನಿಲ್ಲುತ್ತಿದ್ದ ಹುಡುಗಿ ಈಜುಕೊಳದಲ್ಲೂ ಗೆದ್ದಿದ್ದಳು. ಸೋತದ್ದು ಒಂದರಲ್ಲಿ. ವಿಮಾನದ ಹಾಗೆ ಕಟ್ಟಿದ ಒಂದು ಕೋಣೆಯಲ್ಲಿ ಜನರನ್ನು ಕೂರಿಸಿ, ದೀಪ ಆರಿಸಿ, ಒಂದೂವರೆ ನಿಮಿಷದೊಳಗೆ ಎಲ್ಲರನ್ನೂ ಹೊರಗೆ ಹಾಕು ಎನ್ನುತ್ತಾರಂತೆ.

"ಬಾಗ್ಲು ತೆಗ್ದೆ ಆಂಟಿ. ಅದು ಸರಿಯಾಯ್ತು. ಆಮೇಲೆ 'ಎಕ್ಸ್‌ಕ್ಯೂಸ್ ಮಿ ಸರ್, ವುಡ್ ಯು ಪ್ಲೀಸ್ ಲೀವ್ ಯುವರ್ ಬ್ಯಾಗ್' ಅಂದೆ. ಎಲ್ರೂ ಬ್ಯಾಗ್ ತಗೊಂಡು ನಿಧಾನಕ್ಕೆ ಎದ್ರು. ಟೀಚರ್ ಗಡಿಯಾರ ನಿಲ್ಸಿ, 'ಬ್ಯೂಟಿಫುಲ್ ಇಂಗ್ಲಿಷ್. ಎವೆರಿಬಡಿ ಈಸ್ ಡೆಡ್' ಅಂದ್ರು."

ನಾನು ಮೊದಲು ಕೇಳಿದ್ದು, "ಯಾರು ಕಲಿಸಿದ್ದು ಅಂತ ಕೇಳಿದರಾ?" ಎಂದು. ಮನುಷ್ಯರ ಸಣ್ಣತನ ನೋಡಿ.

ಎಂಟು ದಿನಕ್ಕೆ ಇನ್ನೊಂದು ಅವಕಾಶ, ಅದೇ ಕೊನೆಯದು. ತಪ್ಪು ನನ್ನದಾದ್ದರಿಂದ ಮಾರನೆಯ ದಿನ ಬಸ್ಸು ಹಿಡಿದು ಅವರ ಊರಿಗೆ ಹೋದೆ. ಅಂಗಳದಲ್ಲಿ ಕೂಗಿ ಅಭ್ಯಾಸ ಮಾಡೋಣವೆಂದರೆ, ಬೆಳೆದ ಹುಡುಗಿ ಹಾಗೆ ಅರಚಿದರೆ ದೆವ್ವ ಮೆಟ್ಟಿಕೊಂಡಿದೆ ಎಂದು ಅಕ್ಕಪಕ್ಕದವರು ನಿಂಬೆಹಣ್ಣು ತರುತ್ತಾರೆ. ಅವಳ ತಾಯಿ ಜಯಮ್ಮನೇ ದಾರಿ ತೋರಿಸಿದರು. "ಬ್ಯಾರನ್ ಒಳಗೆ ಓಗಿ ಬಡ್ಕಳಿ. ಆಚೆಗೆ ಕೇಳಕಿಲ್ಲ."

ಬ್ಯಾರನ್ ಎಂದರೆ ಹಸಿ ಹೊಗೆಸೊಪ್ಪನ್ನು ಶಾಖ ಕೊಟ್ಟು ಹದ ಮಾಡುವ ಎತ್ತರದ ಗೂಡು. ಹಂಗಾಮು ಮುಗಿದು ಖಾಲಿಯಾಗಿತ್ತು. ಕಿಟಕಿಯಿಲ್ಲ, ಬಗ್ಗಿ ನುಗ್ಗುವ ಒಂದು ಬಾಗಿಲು, ನೆಲದ ಮೇಲೆ ಬೆಂಕಿಯ ಶಾಖ ಹರಿಯುವ ತಗಡಿನ ಕೊಳವೆಗಳು, ತಲೆಯ ಮೇಲೆ ಸೊಪ್ಪು ನೇತುಹಾಕುವ ಸಾಲು ಸಾಲು ಗಳ. ಗೋಡೆಗೆ ಹಳೆಯ ಬೆಲ್ಲದಂಥ ಘಾಟು. ನಾನು ಕೈಚೀಲ ತೊಡೆಯ ಮೇಲಿಟ್ಟುಕೊಂಡು ಬೋರಲು ಹಾಕಿದ ಒಂದು ಮಂಕರಿ ಬುಟ್ಟಿಯ ಮೇಲೆ ಕೂತೆ. ಸವಿತಾ ಬಾಗಿಲ ಹತ್ತಿರ ನಿಂತು ಕೂಗಿದಳು. ಕೂಗಿದಳು ಎಂದೆನೇ? "ಲೀವ್ ಎವೆರಿಥಿಂಗ್, ಪ್ಲೀಸ್" ಎಂದಳು.

ಹೊರಗಿದ್ದ ಜಯಮ್ಮ ತಲೆ ತೂರಿಸಿದರು. "ಇದೇನವ್ವ, ಅರಿಸ್ನ ಕುಂಕುಮುಕ್ಕೆ ಕರ್ದಂಗೆ ಕರೀತಿದ್ದೀಯ!"

"ಇನ್ನೆಂಗೆ ಕರೀಲಿ ಅಮ್ಮ? ದೊಡ್ಡೋರು ಇರ್ತಾರೆ."

"ನಾ ನಿಮ್ಮಪ್ಪುನ್ನ ಎಂಗೆ ಕರ್ದೆ ಗೊತ್ತಾ?" ಎಂದು ಜಯಮ್ಮ ಬಗ್ಗಿ ಒಳಗೇ ಬಂದರು. ನನ್ನ ಕಡೆ ತಿರುಗಿ, "ಇವ್ಳು ಆಗ ಮೈಸೂರಲ್ಲಿ ಓದ್ತಿದ್ಲು ಕಣ್ರವ್ವ. ಇಲ್ಲೇ, ಸೊಪ್ಪು ಜಾರಿ ಕಾದ ಕೊಳ್ವೆ ಮ್ಯಾಲೆ ಬಿದ್ದು ದಗ್ಗಂತ ಅತ್ಕಂತು. ಇವ್ರು ಸೊಪ್ಪು ಉಳುಸ್ತೀನಿ ಅಂತ ಒಳಕ್ಕೆ ನುಗ್ಗುದ್ರು. 'ಏನ್ರೀ, ಬನ್ರೀ' ಅಂತ ಎಲ್ಡು ಸಲ ಕರ್ದೆ. ಕಿವಿಗೇ ಆಕ್ಕಳ್ನಿಲ್ಲ. ಆಮೇಕೆ ಬಂತು ನೋಡಿ ಬಾಯಿಗೆ. 'ಲೇ ಶಿವಾ! ಬುಟ್ಟು ಬಾರ್ಲಾ ಈಚೆಗೆ!'"

ಹೇಳಿದ ಮೇಲೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಗಂಡನ ಹೆಸರನ್ನು ಅದಕ್ಕೆ ಮೊದಲು ಒಂದು ಸಲವೂ ಬಾಯಲ್ಲಿ ಅಂದವರಲ್ಲ.

ಬಾಗಿಲ ಆಚೆಯಿಂದ ಶಿವಣ್ಣನ ದನಿ ಬಂತು. ಅವರು ಯಾವಾಗ ಬಂದು ನಿಂತಿದ್ದರೋ. "ನಾ ಬೆಂಕಿಗೆ ಎದ್ರಿ ಬರ್ನಿಲ್ಲ ಕಣ್ರೀ ಮೇಡಮ್ಮೋರೆ. ಇವ್ಳು ಅಂಗಂದ್ಲಲ್ಲ, ದಂಗಾಗಿ ಬಂದೆ. ಯಾಕ್ ಅಂಗಂದೆ ಅಂತ ಕೇಳಾಣ ಅಂತ. ಎಲ್ಡು ಎಜ್ಜೆ ಈಚೆಗಿಟ್ಟಿದ್ನೋ ಇಲ್ವೋ, ಮ್ಯಾಗಳ ತೊಲೆ ಬಿತ್ತು."

ಯಾರೂ ನಗಲಿಲ್ಲ. ಅವರು ಒಳಗೆ ಬಂದು ಮಗಳನ್ನು ಕೇಳಿದರು. "ವಿಮಾನದಲ್ಲೂ ಜನ ಸಾಮಾನು ಬುಡಕಿಲ್ವಾ?"

"ಬ್ಯಾಗೇ ಮೊದ್ಲು ಅಪ್ಪ ಅವ್ರಿಗೆ."

"ಅಂಥೋರ್ನ ಈಚೆಗೆ ತರೋದಾ ನಿನ್ ಕೆಲ್ಸ?"

"ಅದೇ ಕೆಲ್ಸ. ಕಾಫಿ ಕೊಡೋದು ಮಿಕ್ಕಿದ್ ಟೈಮಲ್ಲಿ."

ಶಿವಣ್ಣ ಹೆಗಲ ಮೇಲಿನ ಟವೆಲು ಕೊಡವಿ, ಮೂಲೆಯಲ್ಲಿದ್ದ ಗೋಣಿಚೀಲದ ಕಟ್ಟನ್ನು ತೊಡೆಗೇರಿಸಿಕೊಂಡು ನನ್ನ ಪಕ್ಕದ ನೆಲದಲ್ಲಿ ಕೂತುಬಿಟ್ಟರು. "ಕೂಗವ್ವ. ನಾ ಇದ್ನ ಬುಡಾಕಿಲ್ಲ."

ಹುಡುಗಿಯ ಬಾಯಿ ಎರಡು ಸಲ ತೆರೆದು ಮುಚ್ಚಿತು. "ಅಪ್ಪ ಅಂತ ನೋಡ್ಬ್ಯಾಡ," ಎಂದರು ಜಯಮ್ಮ. ಆಮೇಲೆ ಅದು ಬಂತು. "ಲೀವ್ ಎವೆರಿಥಿಂಗ್! ಕಮ್ ದಿಸ್ ವೇ! ಗೆಟ್ ಔಟ್!" ಮೇಲಿನ ಗಳಗಳಿಂದ ಮಸಿ ಉದುರಿತು. ಇಂಗ್ಲಿಷಿನ ಅಕ್ಷರ ಬಾರದ ಶಿವಣ್ಣ ಗೋಣಿಯ ಕಟ್ಟನ್ನು ಬಿಸಾಡಿ ಎದ್ದರು. ನನಗೆ ನೆನಪಿರುವುದು ಹೊರಗಿನ ಬಿಸಿಲು ಮಾತ್ರ. ಕೈಚೀಲ ಒಳಗೇ ಉಳಿದಿತ್ತು, ಒಂದು ಕಾಲಿನ ಚಪ್ಪಲಿಯೂ.

ಒಂಬತ್ತನೆಯ ದಿನ ನಮ್ಮ ಮನೆಗೆ ಫೋನು ಬಂತು. "ಪಾಸು ಆಂಟಿ" ಎಂದು ಎಷ್ಟು ಜೋರಾಗಿ ಹೇಳಿದಳೆಂದರೆ ನಾನು ರಿಸೀವರನ್ನು ಕಿವಿಯಿಂದ ದೂರ ಹಿಡಿದೆ. ಮುಂದಿನ ಹಂಗಾಮಿನ ಹರಾಜಿನಲ್ಲಿ ಯಾರೋ "ಸಪ್ಲೈಯರ್ ಎಂಗವ್ಳೆ?" ಎಂದು ಕೇಳಿದರಂತೆ. "ಸಪ್ಲೈಯರ್ ಅಲ್ಲ ಕಣ್ಲಾ. ಬೆಂಕಿ ಬಿದ್ರೆ ನಿನ್ನಂಥೋರ್ನ ಈಚೆಗೆ ಎಳೆಯೋಳು. ಸರ್ಕಾರುದ್ ರೂಲ್ಸ್ ಪ್ರಕಾರ," ಎಂದರಂತೆ ಶಿವಣ್ಣ. ಇದನ್ನು ನಮ್ಮ ಯಜಮಾನರು ಊಟಕ್ಕೆ ಕೂತಾಗ ಹೇಳಿದರು. ಕೆ.ಆರ್. ನಗರದ ಮಾತು ಮತ್ತೆ ಬರಲಿಲ್ಲ. ನಮಗೆ ಮೈಸೂರಿಗೆ ವರ್ಗವಾಯಿತು. ಸವಿತಾ ಎಷ್ಟು ವರ್ಷ ಹಾರಿದಳು, ಈಗ ಎಲ್ಲಿದ್ದಾಳೆ, ನನಗೆ ಗೊತ್ತಿಲ್ಲ. ತಿಳಿಯಬೇಕೆಂದು ಹಟ ಹಿಡಿದದ್ದೂ ಇಲ್ಲ.

ಕಳೆದ ತಿಂಗಳು ದೆಹಲಿಯಿಂದ ಬಂದ ನಮ್ಮ ವಿಮಾನ ಇಳಿದು ಇನ್ನೂ ಓಡುತ್ತಿರುವಾಗಲೇ ಅರ್ಧ ಜನ ಎದ್ದು ಮೇಲಿನ ಪೆಟ್ಟಿಗೆಗಳಿಗೆ ಕೈ ಹಾಕಿದ್ದರು. ಹಿಂದಿನಿಂದ ಬೆಲ್ಟು ತೋರಿಸಿದ ಆ ಹುಡುಗಿ ಒಂದೇ ಸಲ "ಸಿಟ್ ಡೌನ್!" ಎಂದಳು. ಹಿಂದೆ ಪ್ಲೀಸ್ ಇಲ್ಲ, ಮುಂದೆ ಸರ್ ಇಲ್ಲ. ಎತ್ತಿದ ಕೈಗಳು ಹಾಗೇ ಇಳಿದವು. ನನ್ನ ಪಕ್ಕದ ಹೆಂಗಸು, ಮುತ್ತಿನ ಓಲೆ ಹಾಕಿಕೊಂಡಿದ್ದವರು, ನನ್ನನ್ನು ತಮ್ಮವಳೆಂದು ಎಣಿಸಿ, "ಇವರಿಗೆಲ್ಲ ಮ್ಯಾನರ್ಸೇ ಕಲಿಸೋದಿಲ್ಲ ನೋಡಿ," ಎಂದು ಪಿಸುಗುಟ್ಟಿದರು.

"ಕಲಿಸಿರ್ತಾರೆ," ಎಂದೆ. "ಅದನ್ನ ಬಿಡೋದಕ್ಕೆ ಆ ಹುಡುಗಿ ಎಷ್ಟು ಕಷ್ಟಪಟ್ಟಿರ್ತಾಳೋ ನಿಮಗೇನು ಗೊತ್ತು?"

ಮುಂದಿನ ಮೂರು ಸಾಲಿನವರೂ ತಿರುಗಿ ನನ್ನನ್ನು ನೋಡಿದರು.