ಆನಿಮರಿ ಮೇಡಂ

ಟಿವಿ ಕಾರ್ಟೂನಿನ ಒಂದು ಆನೆಮರಿಯ ಚಿತ್ರವನ್ನು ಚೀಲ, ಚಪ್ಪಲಿ, ನೀರಿನ ಬಾಟಲಿಗಳ ಮೇಲೆ ಹಾಕಿಕೊಳ್ಳಲು ಪರವಾನಗಿ ಕೊಡುವುದು ಅವರ ನೌಕರಿ. ಊರು ಸವಣೂರು, ಕಂಪನಿ ಬೆಂಗಳೂರಿನದು. ಶಿಗ್ಗಾವಿಯಲ್ಲಿ ನಾನು ಮಕ್ಕಳ ಚಪ್ಪಲಿ ಮಾಡಿಸುತ್ತಿದ್ದೆ. ನಮ್ಮ ಕೆಲಸಗಾರರ ಬಾಯಲ್ಲಿ ಅವರು ‘ಆನಿಮರಿ ಮೇಡಂ’.

ಕುರ್ಚಿ ಕೊಟ್ಟರೆ ಕೂರುತ್ತಿರಲಿಲ್ಲ. ಮಾದರಿಯನ್ನು ನೆಲದ ಮೇಲಿಟ್ಟು, ಕುಕ್ಕರಗಾಲಿನಲ್ಲಿ ಕೂತು, ಮಗುವಿನ ಎತ್ತರದಿಂದ ನೋಡುವರು. ನಾವು ಎಷ್ಟೇ ಹೊಗಳಿಕೊಂಡರೂ ಅವರದು ಒಂದೇ ಮಾತು: “ಮೊದಲ ಕೂಸಿನ ಕೈಯಾಗ ಕೊಡ್ರಿ.”

ಆ ಸಲ ಮರಿಯ ನಗುಮುಖವನ್ನು ಪಾದ ಊರುವ ಜಾಗದಲ್ಲೇ ಅಚ್ಚು ಹಾಕಿಸಿದ್ದೆ. ಅವರ ಸಾಹೇಬರು ಫೋಟೊ ನೋಡಿಯೇ ಒಪ್ಪಿಬಿಟ್ಟಿದ್ದರು. ಮೇಡಂ ಮಾತ್ರ ನನ್ನ ನಾಲ್ಕು ವರ್ಷದ ಮಗಳನ್ನು ಕರೆಸಿದರು. ಅವಳು ಚಪ್ಪಲಿಗಳನ್ನು ಕೈಗೆ ಹಾಕಿಕೊಂಡು ಟಪಟಪ ಬಡಿದಳು.

“ಕಾಲಾಗ ಹಾಕ್ಕೊಳವ್ವಾ,” ಎಂದೆ.

ಕಾಲಿಟ್ಟವಳು ಸರಕ್ಕನೆ ತೆಗೆದಳು. ಮರಿಯ ಮುಖ ಮುಟ್ಟಿ ಕಣ್ಣಿಗೊತ್ತಿಕೊಂಡು, “ತಪ್ಪಾತು” ಎಂದಳು.

ಮೇಡಂ ಕೂತಲ್ಲಿಂದಲೇ ಸಾಹೇಬರಿಗೆ ಫೋನ್ ಹಚ್ಚಿದರು. “ಇದು ಬ್ಯಾಡ್ರಿ ಸರ್. ಚಿತ್ರ ಮ್ಯಾಲಿನ ಪಟ್ಟಿಗೆ ಬರ್ಲಿ.”

“ನಾನು ಒಪ್ಪಿದ್ದನ್ನ ಬೇಡ ಅನ್ನೋಕೆ ಎಷ್ಟು ಮಕ್ಕಳನ್ನ ಕೇಳಿದ್ರಿ?” ಎಂಬ ಗದರಿಕೆ ನಮಗೂ ಕೇಳಿಸಿತು. ನೌಕರಿಗೇ ಸಂಚಕಾರ ತರುವ ದನಿ ಅದು.

“ಒಂದ ಕೂಸನ್ನ ಕೇಳೇನ್ರಿ ಸರ್. ಅದು ನಮ್ಮ ಆನಿಮರಿ ಕಡೆ ಕ್ಷಮಾ ಕೇಳ್ತು.”

“ಹಾಗಿದ್ರೆ ಪಟ್ಟಿಗೇ ಹಾಕ್ಸಿ,” ಎಂದು ಸಾಹೇಬರು ಫೋನ್ ಇಟ್ಟರು.

ಮುಂದಿನ ಜೋಡಿಯಲ್ಲಿ ಮರಿ ಪಟ್ಟಿಯ ಮೇಲಿತ್ತು. ಮಗಳು ಅದನ್ನೇ ನೋಡುತ್ತ ನಡೆದು ಬಾಗಿಲಿಗೆ ಹಣೆ ಬಡಿಸಿಕೊಂಡಳು. ಅಳಲಿಲ್ಲ. ಮೇಡಂ ನೆಲದ ಮೇಲೆ ಕೂತೇ ಪರವಾನಗಿಗೆ ಸಹಿ ಹಾಕಿದರು.