ಮೌನಪ್ಪಜ್ಜ ಬಿಚ್ಚಿದ ಪಟ್ಟಿ

ಏನು ಕೆಟ್ಟಿದೆ ಎಂದು ಕಮ್ಮಾರ ಮೌನಪ್ಪಜ್ಜ ಎಂದೂ ಕೇಳಿದವನಲ್ಲ. "ಯಾರು ಕೆಡಿಸ್ಯಾರ?" ಎಂದೇ ಕೇಳುತ್ತಿದ್ದ. ಪಂಪ್‌ಸೆಟ್ಟಿರಲಿ, ಅಡಕತ್ತರಿಯಿರಲಿ, ಕೆಟ್ಟ ವಸ್ತುವಿನ ಹಿಂದೆ ಒಬ್ಬ ದಡ್ಡ ಇರಲೇಬೇಕೆಂಬುದು ಅವನ ಸಿದ್ಧಾಂತ. ಹೆಸರಿನಲ್ಲಿದ್ದ ಮೌನ ಬಾಯಿಗೆ ಇಳಿದಿರಲಿಲ್ಲ. ಕನಕಗಿರಿಯಲ್ಲಿ ಅವನಿಂದ ಬೈಸಿಕೊಳ್ಳದವರೆಂದರೆ ಅವನ ಅಂಗಡಿಯ ಕಡೆ ಸುಳಿಯದವರು ಮಾತ್ರ.

ನಮ್ಮ ಸುತ್ತಿನಲ್ಲಿ ಬಂದೂಕು ರಿಪೇರಿಯ ಪರವಾನಗಿ ಇದ್ದದ್ದು ಅವನೊಬ್ಬನಿಗೇ. ನನ್ನ ಅಜ್ಜನ ಒಂಟಿಗುಂಡಿನ ರೈಫಲ್ಲು ಲೈಸೆನ್ಸ್ ಸಮೇತ ನನ್ನ ಹೆಸರಿಗೆ ಬಂದಾಗ, ಅದನ್ನು ಮೊದಲಿನಂತೆ ಮಾಡಿಸುವ ಹುಕಿ ಹತ್ತಿ ಅವನ ಮುಂದಿಟ್ಟೆ. ತುಕ್ಕು ಹಿಡಿದ ನಳಿಗೆಯ ಮೇಲೆ ಬೆರಳಾಡಿಸಿ ಮೂಸಿದ.

"ದಸರಾದಾಗ ಖಂಡೇ ಪೂಜಿ ದಿನ ಕಾಯಿ ಒಡದು ನೀರು ಇದರ ಮ್ಯಾಲ ಸುರೀತೀರೇನ್ರಿ, ಮಾಸ್ತರ?"

"ಹೌದಜ್ಜಾ, ಪ್ರತಿ ವರ್ಷ."

"ಹುಲಿಗಿ ಹೆದರಲಾರದ ಬಂದೂಕು ನಿಮ್ಮ ಭಕ್ತಿಗೆ ಸತ್ತೈತಿ."

ಫಳಫಳ ಹೊಳೆಯುವಂತೆ ಮಾಡು ಎಂದೆ. "ಹೊಳಿಯೂದು ಬೇಕಿದ್ರ ಸ್ಟೀಲ್ ಚರಿಗಿ ತಗೋರಿ. ಇದು ಹುಟ್ಟಿದಾಗ ಕರ್ರಗಿತ್ತು, ಕರ್ರಗ ಇರ್ತೈತಿ," ಎಂದ.

ಆದರೆ ಅವನ ನಿಜವಾದ ಸಿಟ್ಟು ತಿರುಗಿದ್ದು ಮರದ ಹಿಡಿಕೆಯ ಮೇಲೆ. ಎಂದೋ ಬಿರಿದ ಮರಕ್ಕೆ ಯಾರೋ ಕಬ್ಬಿಣದ ಪಟ್ಟಿ ಬಿಗಿದು ಗೇಟಿನ ಹಸಿರು ಬಣ್ಣ ಬಳಿದಿದ್ದರು. ಒಂದು ವಾರ, ಅಂಗಡಿಗೆ ಬಂದವರಿಗೆಲ್ಲ ಅದನ್ನು ತೋರಿಸಿ ಆ ಅನಾಮಧೇಯನನ್ನು ಬೈದ. "ಬಂಡಿ ಗಾಲಿಗೆ ಪಟ್ಟಿ ಹಾಕೂ ಕೈ ಇದು. ಬಂದೂಕು ಮುಟ್ಟಾಕ ಇವಗ ಯಾರ್ ಹೇಳಿದ್ರು?" ನನಗೂ ಹುರುಪು ಬಂದು ನಾಲ್ಕು ಮಾತು ಸೇರಿಸಿದೆ.

ಪಟ್ಟಿ ಬಿಚ್ಚಿದ ದಿನ ಅದರ ಒಳಮೈಯಲ್ಲಿ ಅಕ್ಷರಗಳು ಕಂಡವು. ಅವನ ಕಣ್ಣು ಆಗಲೇ ಮಂಜಾಗಿತ್ತು. "ಓದ್ರಿ ಮಾಸ್ತರ. ಯಾವ ಶಾಣ್ಯಾ ಅಂತ ಎಲ್ಲಾರೂ ಕೇಳ್ಲಿ," ಎಂದು ನನಗೆ ಕೊಟ್ಟ. ಉಳಿಯಿಂದ ಸೊಟ್ಟಸೊಟ್ಟಗೆ ಕೊರೆದಿತ್ತು: ಮೌನಪ್ಪ. ನಾಲ್ಕಾರು ಜನ ಕಿವಿ ನೆಟ್ಟಗೆ ಮಾಡಿಕೊಂಡು ನಿಂತಿದ್ದರು. ಪಟ್ಟಿಯನ್ನು ಮಗುಚಿ ಹಿಡಿದೆ.

"ಅಳಿಸಿ ಹೋಗ್ಯಾವಜ್ಜಾ, ತಿಳಿಯಂಗಿಲ್ಲ."

ಪಟ್ಟಿಯನ್ನು ಕಸಿದುಕೊಂಡು ಹೆಬ್ಬೆರಳು ಆಡಿಸಿದ. ಇನ್ನೊಮ್ಮೆ ಆಡಿಸಿದ.

"ಮಾಸ್ತರಕಿ ಮಾಡ್ತೀರಿ, ಮೂರು ಅಕ್ಷರ ಓದಾಕ ಬರೂದಿಲ್ಲ. ಇವ ನಾನ! ಕೆಲಸ ಕಲಿಯೂಕಿಂತ ಮೊದಲ ಹೆಸರು ಕೊರಿಯೂದು ಕಲ್ತಿದ್ದೆ."

ನೆನಪಿಗೆ ಇಟ್ಟುಕೊಳ್ಳುತ್ತೇನೆ, ಕೊಡು ಎಂದು ಬೇಡಿದೆ. "ಕೆಟ್ಟ ಕೆಲಸಕ್ಕ ನೆನಪು ಯಾಕ್ರಿ?" ಎಂದು ಅದನ್ನು ಕುಲುಮೆಗೆ ತಳ್ಳಿದ. ಬಡಿದು, ಕಳೆ ತೆಗೆಯುವ ಕುರ್ಚಗಿ ಮಾಡಿ, ಪಕ್ಕದೂರು ಹುಲಿಹೈದರದಿಂದ ಬಂದು ಅಲ್ಲೇ ಕೂತಿದ್ದ ಮುದುಕಿಯ ಕೈಗಿಟ್ಟ. "ತಗೋ ಯವ್ವಾ, ಈಗರ ಕೆಲಸಕ್ಕ ಬಂತು."

ಆಮೇಲೆ ಹಳೆಯ ಮಂಚದ ಕಾಲೊಂದರಲ್ಲಿ ಹೊಂದುವ ಮರ ಹುಡುಕಿ, ಬಿರುಕಿಗೆ ಕೂಡಿಸಿ, ಉಜ್ಜಿ, ಎಣ್ಣೆ ಕುಡಿಸಿ ಎರಡು ತಿಂಗಳು ಕೂತ. ಬೈಗುಳ ಮಾತ್ರ ನಿಲ್ಲಲಿಲ್ಲ. ಈಗ ಬೈಸಿಕೊಳ್ಳುತ್ತಿದ್ದವನು ಆ ಪಟ್ಟಿ ಬಿಗಿದ ಹದಿನೆಂಟರ ಹರೆಯದ ಮೌನಪ್ಪ. ಬಂದೂಕು ಒಯ್ಯಲು ಹೋದಾಗ, ಈ ಸಲ ಹೆಸರು ಕೊರಿ ಅಜ್ಜಾ ಎಂದೆ.

"ಅಸಲಿ ಬಂದೂಕು ಬೇಕೋ, ನನ್ನ ಹೆಸರು ಬೇಕೋ? ಎರಡೂ ಕೂಡಿ ಆಗೂದಿಲ್ಲ."

ಅದೇ ಕೊನೆಯ ಭೇಟಿ. ಅವನು ಹೋಗಿ ಎರಡು ವರ್ಷವಾಯಿತು. ಬಂದೂಕಿನ ಗಂಧಗಾಳಿಯಿಲ್ಲದ ನಮ್ಮ ನೆಂಟರು ಅದನ್ನು ತಿರುಗಿಸಿ ನೋಡಿ, "ಛಲೋ ಐತಿ ಬಿಡ್ರಿ, ಇದಕ್ಕ ಯಾರೂ ಕೈ ಹಚ್ಚಿಲ್ಲ," ಎನ್ನುತ್ತಾರೆ. ಅವರು ಹೋದ ಮೇಲೆ ಹಿಡಿಕೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಮರ ಕೂಡಿಸಿದ ಗೆರೆಯನ್ನು ಹುಡುಕುತ್ತೇನೆ. ಸಿಗುವುದಿಲ್ಲ. ಮುದುಕನ ಮೇಲೆ ಸಿಟ್ಟು ಬರುತ್ತದೆ. ಒಂದು ಗೀರನ್ನಾದರೂ ಬಿಟ್ಟು ಹೋಗಬಾರದಿತ್ತೇ?